ಮೆಣಸಿನಕಾಯಿ ಜೆಲ್ಲಿಯ ಹದ ತಪ್ಪಿದಾಗ: ಜಾರ್ ನೋಡಿ ಕಾರಣ ಹಿಡಿಯುವ ಬಗೆ

ಜಾರನ್ನು ಸ್ವಲ್ಪ ಓರೆ ಮಾಡಿ ನೋಡಿದಿರಿ. ಮೆಲ್ಲಗೆ ಅಲುಗಾಡಬೇಕಿದ್ದ ಜೆಲ್ಲಿ ಶರಬತ್ತಿನಂತೆ ಸರ್ರನೆ ಹರಿಯಿತು. ಇಲ್ಲವೇ ಮೆಣಸಿನಕಾಯಿ ಚೂರುಗಳೆಲ್ಲ ಮೇಲೆ ಬಂದು ಗುಂಪಾಗಿ ಕೂತಿವೆ. ಇಲ್ಲವೇ ಮುಚ್ಚಳದ ನಡುವೆ ಬೆರಳಿಟ್ಟು ಒತ್ತಿದರೆ ‘ಟಿಕ್’ ಎಂದು ಒಳಗೆ ಹೋಗಿ ಮತ್ತೆ ಮೇಲೇಳುತ್ತಿದೆ.

ಈ ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಮೊದಲ ಎರಡು ಹದದ ಮತ್ತು ನೋಟದ ತೊಂದರೆ. ಮೂರನೆಯದು ತಿಂದವರ ಆರೋಗ್ಯದ ಪ್ರಶ್ನೆ. ಜೆಲ್ಲಿ ಕೈಕೊಟ್ಟ ಕೂಡಲೇ ನಾವೆಲ್ಲ ಮಾಡುವುದು ಅದನ್ನು ಮತ್ತೆ ಒಲೆ ಮೇಲಿಟ್ಟು ಕುದಿಸುವುದು. ದಯವಿಟ್ಟು ಸ್ವಲ್ಪ ತಡೆಯಿರಿ. ಕಾರಣ ಗೊತ್ತಿಲ್ಲದೆ ಸುಮ್ನೆ ಕುದಿಸಿದರೆ ಜೆಲ್ಲಿಯನ್ನು ಕಟ್ಟಿಸುವ ಪೆಕ್ಟಿನ್ ಉಳಿದಿರುವುದೂ ಹಾಳಾಗುತ್ತದೆ. ತಿನ್ನಲು ಸರಿಯಿದೆಯೇ ಎಂಬುದನ್ನು ಮೊದಲು ನೋಡೋಣ. ಹದ ಯಾಕೆ ತಪ್ಪಿತು ಎಂಬುದು ಆಮೇಲೆ. ಅಂದಚಂದ ಕೊನೆಗೆ.

ವಿನೆಗರ್ ಅಳತೆ ಸರಿ ಇತ್ತಾ?

ಹೆಚ್ಚಿನ ಹಣ್ಣುಗಳ ಜೆಲ್ಲಿಗೂ ಮೆಣಸಿನಕಾಯಿ ಜೆಲ್ಲಿಗೂ ಇರುವ ದೊಡ್ಡ ವ್ಯತ್ಯಾಸ ಇದೇ. ಆ ಹಣ್ಣುಗಳಲ್ಲಿ ಹುಟ್ಟಿನಿಂದಲೇ ಹುಳಿ ಇರುತ್ತದೆ. ಮೆಣಸಿನಕಾಯಿಯಲ್ಲಿ ಅಷ್ಟು ಹುಳಿ ಇಲ್ಲ. ಹುಳಿಯನ್ನು ಅಳೆಯುವ ಪಿಹೆಚ್ (ಸಂಖ್ಯೆ ಇಳಿದಷ್ಟೂ ಹುಳಿ ಜಾಸ್ತಿ) ಅದರಲ್ಲಿ ಸಾಮಾನ್ಯವಾಗಿ 4.6ಕ್ಕಿಂತ ಮೇಲೇ ಇರುತ್ತದೆ. ಈ 4.6 ಎಂಬುದು ಗಡಿಗೆರೆ. ಸಂಖ್ಯೆ ಅದನ್ನು ದಾಟಿದ, ಅಂದರೆ ಹುಳಿ ಸಾಲದ, ಗಾಳಿಯಾಡದ ಜಾರಿನಲ್ಲಿ ಬಾಟುಲಿಸಂ ಎಂಬ ಜೀವಕ್ಕೇ ಅಪಾಯದ ಕಾಯಿಲೆ ತರುವ ಬ್ಯಾಕ್ಟೀರಿಯಾ ಬೆಳೆದು ವಿಷ ಬಿಡಬಹುದು. ಅದರ ಬೀಜಕಣಗಳು 100 ಡಿಗ್ರಿ ಸೆಲ್ಸಿಯಸ್ ಕುದಿನೀರಿಗೆ ಜಗ್ಗುವುದಿಲ್ಲ. ಅವನ್ನು ಕೊಲ್ಲಲು ಒತ್ತಡದಲ್ಲಿ ಸುಮಾರು 121 ಡಿಗ್ರಿ ಬೇಕು. ನಾವು ಜೆಲ್ಲಿ ಜಾರುಗಳನ್ನು ಕುದಿಸುವುದು ಬರೀ ಕುದಿನೀರಿನಲ್ಲಿ ಅಲ್ವಾ? ಹಾಗಾಗಿ ಇಲ್ಲಿ ಕಾವಲು ಕಾಯುವುದು ವಿನೆಗರ್. ಅದನ್ನು ಬರೀ ರುಚಿಗೆ ಹಾಕಿದ್ದು ಎಂದುಕೊಳ್ಳಬೇಡಿ.

ಈಗ ನಿಮ್ಮನ್ನೇ ಕೇಳಿಕೊಳ್ಳಿ. ವಿನೆಗರ್ ಘಾಟು ಜಾಸ್ತಿ ಎಂದು ಅರ್ಧ ಕಡಿಮೆ ಮಾಡಿದಿರಾ? ಅದಕ್ಕೆ ನೀರು ಬೆರೆಸಿದಿರಾ? ಬಾಟಲಿ ಮೇಲೆ 5 ಶೇಕಡಾ ಆಮ್ಲ ಎಂದು ಬರೆದಿರದ, ಅಥವಾ ಮನೆಯಲ್ಲೇ ಮಾಡಿದ, ಹುಳಿ ಎಷ್ಟೆಂದು ಗೊತ್ತಿಲ್ಲದ ವಿನೆಗರ್ ಹಾಕಿದಿರಾ? ವಿನೆಗರ್ ಅಷ್ಟೇ ಇಟ್ಟು ಮೆಣಸಿನಕಾಯಿ, ಈರುಳ್ಳಿ, ಬೆಳ್ಳುಳ್ಳಿ ಜಾಸ್ತಿ ಮಾಡಿದಿರಾ? ಒಂದಕ್ಕೆ ‘ಹೌದು’ ಎಂದರೂ ಆ ಜಾರುಗಳು ಕಪಾಟಿನಲ್ಲಿ ಇರಕೂಡದು. ಮಾಡಿದ ದಿನವೇ ಗೊತ್ತಾದರೆ ಫ್ರಿಜ್ಜಿಗೆ ಸೇರಿಸಿ, ಕೆಲವೇ ವಾರಗಳಲ್ಲಿ ಮುಗಿಸಿ. ಹೊರಗೆ ದಿನಗಟ್ಟಲೆ ಇದ್ದರೆ ನೆಕ್ಕಿ ನೋಡುವುದೂ ಬೇಡ, ಎಸೆಯಿರಿ. ಈ ವಿಷ ಕಣ್ಣಿಗೆ ಕಾಣುವುದಿಲ್ಲ, ಮೂಗಿಗೂ ನಾಲಿಗೆಗೂ ಗೊತ್ತಾಗುವುದಿಲ್ಲ.

ವಿನೆಗರ್ ಸರಿಯಿತ್ತು, ಮುಚ್ಚಳವೂ ಬಿಗಿಯಾಗಿ ಕೂತಿದೆ ಎಂದಾದರೆ ನಿರಾಳವಾಗಿ. ಮುಂದಿನದೆಲ್ಲ ಸರಿಪಡಿಸಬಹುದಾದ ತೊಂದರೆಗಳೇ.

ಗಟ್ಟಿಯೇ ಆಗಿಲ್ಲ

ಎಲ್ಲಕ್ಕಿಂತ ಜಾಸ್ತಿ ಕಾಡುವುದು ಇದು. ಮೊದಲ ಮದ್ದು ಕಾಯುವುದು. ಪೆಕ್ಟಿನ್ ಹಾಕಿದ ಜೆಲ್ಲಿ 24ರಿಂದ 48 ಗಂಟೆ ತೆಗೆದುಕೊಳ್ಳುವುದು ಮಾಮೂಲು. ಕೆಲವು ಪಾಕ ಪೂರ್ತಿ ಕೂರಲು 2 ವಾರವೂ ಬೇಕಾಗಬಹುದು. ಮೊದಲ 12 ಗಂಟೆ ಜಾರನ್ನು ಎತ್ತಬೇಡಿ, ಓರೆ ಮಾಡಬೇಡಿ. ಹೆಪ್ಪಿಗಿಟ್ಟ ಹಾಲನ್ನು ಅಲುಗಾಡಿಸಿದರೆ ಏನಾಗುತ್ತದೋ ಇಲ್ಲಿಯೂ ಹಾಗೆಯೇ. ಕಟ್ಟಿಕೊಳ್ಳುತ್ತಿರುವ ಬಲೆ ಹರಿಯುತ್ತದೆ, ಮತ್ತೆ ಸರಿಯಾಗಿ ಕೂಡುವುದಿಲ್ಲ.

ಕಾದರೂ ನೀರಾಗಿಯೇ ಇದ್ದರೆ ಜೆಲ್ಲಿ ಹೇಗೆ ಕಟ್ಟುತ್ತದೆ ಎಂದು ಒಮ್ಮೆ ನೆನಪಿಸಿಕೊಳ್ಳಿ. ಪೆಕ್ಟಿನ್ ಎಂದರೆ ಉದ್ದುದ್ದ ಎಳೆಗಳು. ನೀರಿನಲ್ಲಿ ಅವು ಒಂದನ್ನೊಂದು ದೂರ ತಳ್ಳುತ್ತಾ ಇರುತ್ತವೆ. ಹುಳಿ ಆ ತಳ್ಳಾಟ ನಿಲ್ಲಿಸುತ್ತದೆ. ಸಕ್ಕರೆ ಎಳೆಗಳ ಸುತ್ತಲಿನ ನೀರನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಆಗ ಎಳೆಗಳು ಒಂದಕ್ಕೊಂದು ಅಂಟಿ ಬಲೆ ಹೆಣೆಯುತ್ತವೆ. ಸಾಮಾನ್ಯ ಪೆಕ್ಟಿನ್ನಿಗೆ ಪಿಹೆಚ್ ಸುಮಾರು 3ರ ಆಸುಪಾಸು ಇರಬೇಕು. ಇಡೀ ಪಾಕದಲ್ಲಿ ಸಕ್ಕರೆಯ ಪಾಲು 60ರಿಂದ 65 ಶೇಕಡಾ ಮುಟ್ಟಬೇಕು. ಪೆಕ್ಟಿನ್, ಹುಳಿ, ಸಕ್ಕರೆ, ಕುದಿ – ಈ ನಾಲ್ಕರಲ್ಲಿ ಯಾವುದು ಕೈಕೊಟ್ಟಿತು ಎಂಬುದೇ ಈಗ ನಾವು ಹುಡುಕಬೇಕಾದ್ದು.

ನನ್ನ ಅನುಭವದಲ್ಲಿ ಮೊದಲು ಅನುಮಾನಿಸಬೇಕಾದ್ದು ಪಾಕದ ಗಾತ್ರ. ಒಮ್ಮೆ ಮೆಣಸಿನಕಾಯಿ ಜಾಸ್ತಿ ಇತ್ತು ಎಂದು ಎಲ್ಲವನ್ನೂ ಎರಡರಷ್ಟು ಅಳೆದು ಒಂದೇ ಪಾತ್ರೆಗೆ ಹಾಕಿದೆ. ಅಳತೆಯಲ್ಲಿ ತಪ್ಪಿರಲಿಲ್ಲ. ಆದರೆ ಪಾತ್ರೆ ತುಂಬಿತ್ತು. ಕುದಿ ಬರಲು ಹಿಡಿದ ಹೊತ್ತು ಎರಡರಷ್ಟಕ್ಕೂ ಜಾಸ್ತಿ. ಅಂಚಿನಲ್ಲಿ ಗುಳ್ಳೆ ಏಳುತ್ತಿತ್ತು, ನಡುವೆ ಸುಮ್ಮನಿತ್ತು. ಉಕ್ಕೀತು ಎಂಬ ಭಯಕ್ಕೆ ಉರಿ ಸಣ್ಣ ಮಾಡಿದೆ. ಮೂರು ವಾರ ಕಾದರೂ ಹನ್ನೆರಡು ಜಾರುಗಳಲ್ಲಿ ಒಂದೂ ಕಟ್ಟಲಿಲ್ಲ. ಅಷ್ಟು ಮೆಣಸಿನಕಾಯಿ ಹೆಚ್ಚಿದ ಕೈಯ ಉರಿ ನೆನೆದು ಬೇಜಾರಾಯಿತು. ಅಂದಿನಿಂದ ಎಷ್ಟೇ ಕಾಯಿ ಇರಲಿ, ಒಂದು ಸಲಕ್ಕೆ ಒಂದೇ ಅಳತೆ. ಎರಡು ಬೇಕೆಂದರೆ ಎರಡು ಸಲ ಮಾಡುತ್ತೇನೆ.

ಎರಡನೆಯದು ಕುದಿ. ‘ಚೆನ್ನಾಗಿ ಕುದಿಯಲಿ’ ಎಂದರೆ ಯಾವ ಕುದಿ? ಸೌಟು ಹಾಕಿ ತಿರುಗಿಸಿದಾಗ ಗುಳ್ಳೆ ಅಡಗಿದರೆ ಅದು ಇನ್ನೂ ಎಳೆ ಕುದಿ. ತಿರುಗಿಸುತ್ತಿದ್ದರೂ ಅಡಗದೆ, ಪಾತ್ರೆಯ ನಡುವಿನಿಂದಲೇ ಉಕ್ಕಿ ಬರುತ್ತಾ, ಮೇಲೆಲ್ಲ ನೊರೆ ಹೊರಳುತ್ತಿದ್ದರೆ ಅದೇ ಬೇಕಾದ ಕುದಿ. ಗಡಿಯಾರ ನೋಡಲು ಶುರು ಮಾಡಬೇಕಾದ್ದು ಆಗ. ಹೆಚ್ಚಿನ ಪೆಕ್ಟಿನ್‌ಗಳಿಗೆ ಅಲ್ಲಿಂದ ಸರಿಯಾಗಿ 1 ನಿಮಿಷ ಸಾಕು. ‘ಇನ್ನೊಂದು ಐದು ನಿಮಿಷ ಇರಲಿ, ಗಟ್ಟಿಯಾಗುತ್ತೆ’ ಎಂದು ಬಿಟ್ಟರೆ ಪೆಕ್ಟಿನ್ ಎಳೆಗಳೇ ತುಂಡಾಗಿ ಜೆಲ್ಲಿ ಇನ್ನಷ್ಟು ತೆಳ್ಳಗಾಗಬಹುದು. ಪಾತ್ರೆಯ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತುಂಬದಿದ್ದರೆ ಉಕ್ಕುವ ಭಯವಿಲ್ಲದೆ ಉರಿ ಜೋರಾಗಿ ಇಡಬಹುದು.

ಮೂರನೆಯದು ಪೆಕ್ಟಿನ್ ಹಾಕಿದ ಹೊತ್ತು. ಪುಡಿ ಪೆಕ್ಟಿನ್ ಸಾಮಾನ್ಯವಾಗಿ ಸಕ್ಕರೆಗಿಂತ ಮೊದಲು ಹೋಗಬೇಕು. ಸಕ್ಕರೆ ಮೊದಲೇ ಇದ್ದರೆ ನೀರೆಲ್ಲ ಅದರ ಪಾಲಾಗಿ ಪುಡಿ ಸರಿಯಾಗಿ ಕರಗುವುದಿಲ್ಲ. ದ್ರವ ಪೆಕ್ಟಿನ್ ಇದಕ್ಕೆ ಉಲ್ಟಾ. ಸಕ್ಕರೆ ಹಾಕಿ ಕುದಿ ಬಂದ ಮೇಲೆ, ಕೊನೆಗೆ. ಒಂದರ ಬದಲು ಇನ್ನೊಂದನ್ನು ಅದೇ ಹೊತ್ತಿಗೆ, ಅದೇ ಅಳತೆಗೆ ಹಾಕಿದ್ದರೆ ಕಾರಣ ಸಿಕ್ಕಿತು ಎಂದೇ ತಿಳಿಯಿರಿ. ಪೊಟ್ಟಣದ ಮೇಲಿನ ತಾರೀಖನ್ನೂ ನೋಡಿ. ಹಳೆಯ ಪೆಕ್ಟಿನ್ನಿನ ಕಸುವು ಇಳಿದಿರುತ್ತದೆ.

ನಾಲ್ಕನೆಯದು ಸಕ್ಕರೆ. ಅಳತೆ ಓದಿದಾಗ ‘ಅಬ್ಬಾ, ಇಷ್ಟೊಂದಾ!’ ಅನಿಸಿ ಅರ್ಧ ಇಳಿಸುವವರು ಬಹಳ. ಆದರೆ ಮೇಲೆ ಹೇಳಿದ ಬಲೆ ಸಕ್ಕರೆ ಇಲ್ಲದೆ ಹೆಣೆಯುವುದಿಲ್ಲ. ಸಿಹಿ ಕಡಿಮೆ ಬೇಕೆಂದರೆ ಕಡಿಮೆ ಸಕ್ಕರೆಗೆಂದೇ ಮಾಡಿದ ಪೆಕ್ಟಿನ್ ಸಿಗುತ್ತದೆ. ಅದರಲ್ಲಿ ಒಂದು ಬಗೆ ಕ್ಯಾಲ್ಸಿಯಂ ಸಹಾಯದಿಂದ ಕಟ್ಟುತ್ತದೆ. ಅದನ್ನೇ ತಂದು, ಅದರ ಪೊಟ್ಟಣದಲ್ಲಿರುವ ಅಳತೆಯನ್ನೇ ಹಿಡಿಯಿರಿ.

ಪೆಕ್ಟಿನ್ ಕೊಳ್ಳದೆ, ಸೇಬಿನ ರಸದಂತಹ ಪೆಕ್ಟಿನ್ ಇರುವ ಹಣ್ಣಿನ ರಸ ಸೇರಿಸಿ ಮಾಡುವವರು ಹದವನ್ನು ಥರ್ಮಾಮೀಟರಿನಲ್ಲಿ ನೋಡಬೇಕು. ಸಮುದ್ರಮಟ್ಟದಲ್ಲಿ ಸುಮಾರು 104ರಿಂದ 105 ಡಿಗ್ರಿ ಸೆಲ್ಸಿಯಸ್‌ಗೆ ಪಾಕ ಬಂತು ಎಂದು ಲೆಕ್ಕ. ಎತ್ತರ ಹೆಚ್ಚಿದಂತೆ ನೀರು ಬೇಗ ಕುದಿಯುತ್ತದೆ. ಸುಮಾರು 300 ಮೀಟರಿಗೆ 1 ಡಿಗ್ರಿ ಇಳಿಕೆ. ಹಾಗಾಗಿ ಮೊದಲು ನಿಮ್ಮಲ್ಲಿ ಬರೀ ನೀರು ಎಷ್ಟಕ್ಕೆ ಕುದಿಯುತ್ತದೆ ನೋಡಿ, ಅದಕ್ಕೆ ನಾಲ್ಕೂವರೆ ಡಿಗ್ರಿ ಸೇರಿಸಿ. ಥರ್ಮಾಮೀಟರ್ ಇಲ್ಲದಿದ್ದರೆ ಒಂದು ಚಿಕ್ಕ ತಟ್ಟೆಯನ್ನು ಮೊದಲೇ ಫ್ರೀಜರಿನಲ್ಲಿಡಿ. ಒಲೆ ಆರಿಸಿ ಒಂದು ಚಮಚ ಪಾಕವನ್ನು ಅದರ ಮೇಲೆ ಬಿಟ್ಟು, ತಟ್ಟೆಯನ್ನು ಒಂದೆರಡು ನಿಮಿಷ ಮತ್ತೆ ಒಳಗಿಡಿ. ಹೊರತೆಗೆದು ಬೆರಳಿನಿಂದ ಮೆಲ್ಲಗೆ ತಳ್ಳಿ. ಹಾಲಿನ ಕೆನೆ ಸುಕ್ಕುಗಟ್ಟಿದಂತೆ ಬೆರಳಿನ ಮುಂದೆ ಗೆರೆ ಎದ್ದರೆ ಹದ ಬಂದಿದೆ. ನಡುವೆ ಎಳೆದ ದಾರಿ ಮತ್ತೆ ಮುಚ್ಚಿಕೊಂಡರೆ ಇನ್ನೂ ಬೇಕು.

ಕಟ್ಟದ ಜೆಲ್ಲಿಯನ್ನು ಮತ್ತೆ ಕಟ್ಟಿಸುವುದು

ಒಂದೇ ಸಲ ಎಲ್ಲ ಜಾರು ಬಿಚ್ಚಬೇಡಿ. ಒಂದು ಸಲಕ್ಕೆ 4ರಿಂದ 6 ಕಪ್ ಸಾಕು. ಪುಡಿ ಪೆಕ್ಟಿನ್ ಆದರೆ, 4 ಕಪ್ ಜೆಲ್ಲಿಗೆ ಕಾಲು ಕಪ್ ಸಕ್ಕರೆ, ಅರ್ಧ ಕಪ್ ನೀರು, ಬಾಟಲಿಯಲ್ಲಿ ಬರುವ ನಿಂಬೆರಸ 2 ದೊಡ್ಡ ಚಮಚ, ಪೆಕ್ಟಿನ್ 4 ಟೀ ಚಮಚ. ತಾಜಾ ನಿಂಬೆಯ ಹುಳಿ ಹಣ್ಣಿನಿಂದ ಹಣ್ಣಿಗೆ ಬೇರೆ, ಬಾಟಲಿಯದ್ದು ಒಂದೇ ಸಮ ಇರುತ್ತದೆ ಎಂಬುದಕ್ಕೆ ಬಾಟಲಿಯದ್ದು ಹೇಳಿದೆ. ನೀರು, ನಿಂಬೆರಸ, ಪೆಕ್ಟಿನ್ ಮೂರನ್ನೂ ಕಲಸಿ, ಕೈಬಿಡದೆ ತಿರುಗಿಸುತ್ತಾ ಕುದಿ ತರಿಸಿ. ಜೆಲ್ಲಿ, ಸಕ್ಕರೆ ಸೇರಿಸಿ. ಜೋರು ಉರಿಯಲ್ಲಿ ಅಡಗದ ಕುದಿ ಬಂದ ಮೇಲೆ ಅರ್ಧ ನಿಮಿಷ.

ದ್ರವ ಪೆಕ್ಟಿನ್ ಆದರೆ 4 ಕಪ್ಪಿಗೆ ಮುಕ್ಕಾಲು ಕಪ್ ಸಕ್ಕರೆ, 2 ದೊಡ್ಡ ಚಮಚ ನಿಂಬೆರಸ, 2 ದೊಡ್ಡ ಚಮಚ ಪೆಕ್ಟಿನ್. ಜೆಲ್ಲಿಯನ್ನಷ್ಟೇ ಮೊದಲು ಕುದಿಸಿ, ಕೆಳಗಿಳಿಸಿ ಉಳಿದದ್ದನ್ನು ಬೇಗ ಬೆರೆಸಿ, ಮತ್ತೆ ಅಡಗದ ಕುದಿಯಲ್ಲಿ 1 ನಿಮಿಷ. ಎರಡರಲ್ಲಿ ಯಾವುದಾದರೂ ನೊರೆ ತೆಗೆದು, ಬಿಸಿ ಜಾರಿಗೆ ತುಂಬಿ, ಹೊಸ ಮುಚ್ಚಳ ಹಾಕಿ, ಕುದಿನೀರಿನಲ್ಲಿ ಮತ್ತೆ ಪೂರ್ತಿ ಹೊತ್ತು ಇಡಬೇಕು. ಮೊದಲು ಒಂದೇ ಕಪ್ಪಿನಲ್ಲಿ ಪರೀಕ್ಷೆ ಮಾಡಿ ನೋಡಿದರೆ ಇನ್ನೂ ಒಳ್ಳೆಯದು. ಇದೆಲ್ಲ ಬೇಡ ಅನಿಸಿದರೆ ಹಾಗೇ ಇಡಿ. ಹುಳಿ-ಸಿಹಿ-ಖಾರದ ತೆಳು ಪಾಕ ಕರಿದ ತಿಂಡಿಗೆ ಅದ್ದಿಕೊಳ್ಳಲು ಬಹಳ ಚೆನ್ನಾಗಿರುತ್ತದೆ.

ಕಲ್ಲಿನಂತೆ ಗಟ್ಟಿಯಾದರೆ ಕಾರಣ ಸುಲಭ. ಜಾಸ್ತಿ ಕುದಿದು ನೀರು ಇಂಗಿದೆ, ಇಲ್ಲವೇ ಪೆಕ್ಟಿನ್ ಹೆಚ್ಚಾಗಿದೆ. ತಿನ್ನುವಾಗ ಬೇಕಾದಷ್ಟನ್ನು ಸ್ವಲ್ಪ ಬಿಸಿನೀರಿನಲ್ಲಿ ಸಡಿಲಿಸಿಕೊಳ್ಳಿ.

ಚೂರುಗಳೆಲ್ಲ ಮೇಲೆ ತೇಲಿವೆ

ಹೆಚ್ಚಿದ ಮೆಣಸಿನಕಾಯಿಯ ಒಳಗೆ ಗಾಳಿ ಇರುತ್ತದೆ, ಸಕ್ಕರೆ ಇರುವುದಿಲ್ಲ. ಸುತ್ತಲಿನ ಪಾಕ ಅದಕ್ಕಿಂತ ಭಾರ. ಹಾಗಾಗಿ ಚೂರು ಮೇಲೇಳುತ್ತದೆ. ಪಾಕದ ಸಕ್ಕರೆ ಚೂರಿನೊಳಗೆ ಇಳಿದಂತೆ ಅದೂ ಭಾರವಾಗುತ್ತದೆ. ಅದಕ್ಕೆ ಬೇಕಾದ್ದು ಸ್ವಲ್ಪ ಹೊತ್ತು. ಒಲೆ ಆರಿಸಿದ ಕೂಡಲೇ ತುಂಬಬೇಡಿ. 5 ನಿಮಿಷ ಬಿಟ್ಟು, ನಡುನಡುವೆ ಮೆಲ್ಲಗೆ ತಿರುಗಿಸಿ, ಪಾಕ ಕೊಂಚ ಮಂದವಾದ ಮೇಲೆ ತುಂಬಿ. ಚೂರು ಸಣ್ಣದಾಗಿ, ಒಂದೇ ಅಳತೆಯಲ್ಲಿ ಇರಲಿ. ಚೂರು ಕೆಳಗಿಳಿಯಲಿ ಎಂದು ಜಾರನ್ನು ತಲೆಕೆಳಗಾಗಿ ಇಡುವ ರೂಢಿಯೊಂದಿದೆ. ಅದನ್ನು ಮಾತ್ರ ಮಾಡಬೇಡಿ. ಪಾಕ ಮುಚ್ಚಳದ ಅಂಟಿಗೆ ಹತ್ತಿ ಸೀಲ್ ಕೆಡುತ್ತದೆ. ಈಗಾಗಲೇ ತೇಲಿದ್ದರೆ ತೆರೆದಾಗ ಚಮಚದಲ್ಲಿ ಕಲಸಿಕೊಳ್ಳಿ, ರುಚಿಗೇನೂ ಕೊರತೆಯಿಲ್ಲ.

ಮಬ್ಬು, ಗುಳ್ಳೆ, ಹರಳು, ನೀರು

ಚೂರಿಲ್ಲದ ಜೆಲ್ಲಿ ಗಾಜಿನಂತೆ ತಿಳಿಯಾಗಿರಬೇಕು ಎಂದು ಬಯಸಿ ಮಬ್ಬಾಗಿದ್ದರೆ, ಸೋಸುವಾಗ ಬಟ್ಟೆಯನ್ನು ಹಿಂಡಿರುತ್ತೀರಿ. ರಸ ತಾನಾಗಿ ತೊಟ್ಟಿಕ್ಕಲು ಬಿಡಿ. ಪಾಕ ಕಟ್ಟಲು ಶುರುವಾದ ಮೇಲೆ ತುಂಬಿದರೂ ಮಬ್ಬು ಬರುತ್ತದೆ. ತಿನ್ನಲು ಅಡ್ಡಿಯಿಲ್ಲ.

ಗುಳ್ಳೆಗಳಲ್ಲಿ ಎರಡು ಬಗೆ. ಜೆಲ್ಲಿಯೊಳಗೆ ಅಲ್ಲಲ್ಲೇ ನಿಂತಿದ್ದರೆ ಸುರಿಯುವಾಗ ಸಿಕ್ಕಿಬಿದ್ದ ಗಾಳಿ. ಜಾರು ಸುಮ್ಮನಿದ್ದರೂ ಗುಳ್ಳೆ ಮೇಲೇರುತ್ತಿದ್ದರೆ ಒಳಗೆ ಹುದುಗು ಬರುತ್ತಿದೆ. ಅದನ್ನು ಎಸೆಯಬೇಕು.

ಹಲ್ಲಿಗೆ ಕರಕರ ಸಿಗುವ ಹರಳು ಸಕ್ಕರೆಯದು. ಪಾತ್ರೆಯ ಗೋಡೆಗೆ ಹತ್ತಿದ ಸಕ್ಕರೆ ಕರಗದೆ ಕೊನೆಯಲ್ಲಿ ಜಾರಿಗೆ ಇಳಿದರೆ, ಒಂದು ಹರಳು ನೂರು ಹರಳನ್ನು ಕರೆಯುತ್ತದೆ. ಕುದಿಗೆ ಮೊದಲು ಒದ್ದೆ ಬಟ್ಟೆ ಅಥವಾ ಬ್ರಷ್ಷಿನಿಂದ ಗೋಡೆ ಒರೆಸಿ. ಇನ್ನು ಜೆಲ್ಲಿಯ ಮೇಲೆ ತೆಳ್ಳಗೆ ನೀರು ನಿಂತಿದ್ದರೆ ಹುಳಿ ಹೆಚ್ಚಾಗಿರಬಹುದು, ಇಲ್ಲವೇ ಜಾರು ಸೆಕೆಯ ಜಾಗದಲ್ಲಿತ್ತು. ತಂಪಾದ ಕತ್ತಲೆ ಕಪಾಟಿಗೆ ಬದಲಿಸಿ. ಹಾಗೆಂದು ಮುಂದಿನ ಸಲ ವಿನೆಗರ್ ಇಳಿಸಬೇಡಿ. ನಂಬಬಹುದಾದ, ಪರೀಕ್ಷಿಸಿದ ಅಳತೆಗೆ ಮರಳಿ.

ಬಣ್ಣದ ಬಗ್ಗೆ ಒಂದೇ ಮಾತು. ಹಸಿರು ಕಾಯಿಯ ಜೆಲ್ಲಿ ಮಂಕು ಪಾಚಿ ಬಣ್ಣಕ್ಕೆ ತಿರುಗುವುದು ಸಹಜ, ಹುಳಿ ಮತ್ತು ಬಿಸಿ ಸೇರಿದಾಗ ಎಲೆಹಸಿರು ಹಾಗೆ ಆಗುತ್ತದೆ. ಚಂದದ ಬಣ್ಣ ಬೇಕಾದರೆ ಕೆಂಪು ಕಾಯಿ ಬಳಸಿ.

ಖಾರವೇ ಇಲ್ಲ, ಇಲ್ಲವೇ ಬಾಯಿಗಿಡಲಾಗದು

ಖಾರ ಬೀಜದಲ್ಲಿದೆ ಎಂದು ಬೀಜವನ್ನಷ್ಟೇ ಉದುರಿಸುವವರಿದ್ದಾರೆ. ಖಾರದ ಮನೆ ಬೀಜ ಅಂಟಿಕೊಂಡಿರುವ ಒಳಗಿನ ಬಿಳಿ ತಿರುಳು. ಬೀಜಕ್ಕೆ ಅದು ಹತ್ತಿಕೊಂಡಿರುತ್ತದೆ ಅಷ್ಟೇ. ಖಾರ ಇಳಿಸಬೇಕೆಂದರೆ ಆ ಬಿಳಿಯನ್ನು ಚಾಕುವಿನಿಂದ ಕೆರೆದು ತೆಗೆಯಿರಿ. ಏರಿಸಬೇಕೆಂದರೆ ಸ್ವಲ್ಪ ಉಳಿಸಿ. ಕುದಿಸಿದರೆ ಖಾರ ಹೋಗುತ್ತದೆ ಎಂದು ನಂಬಬೇಡಿ, ಖಾರ ಕೊಡುವ ಕ್ಯಾಪ್ಸೈಸಿನ್ ಎಂಬ ಅಂಶ ಈ ಬಿಸಿಗೆ ಅಷ್ಟಾಗಿ ಬಗ್ಗುವುದಿಲ್ಲ.

ಕಾಯಿಯ ಜಾತಿ ಬದಲಾದರೆ ಲೆಕ್ಕವೇ ಬದಲಾಗುತ್ತದೆ. 1912ರಲ್ಲಿ ಅಮೆರಿಕದ ಔಷಧ ತಜ್ಞ ವಿಲ್ಬರ್ ಸ್ಕೋವಿಲ್ ಖಾರ ಅಳೆದದ್ದು ಸಕ್ಕರೆ ನೀರಿನಿಂದಲೇ. ಖಾರ ಗೊತ್ತಾಗದಂತೆ ಆಗುವವರೆಗೆ ಮೆಣಸಿನ ಸಾರವನ್ನು ಎಷ್ಟು ಪಟ್ಟು ತೆಳು ಮಾಡಬೇಕು ಎಂಬ ಎಣಿಕೆ ಅದು. ಆ ಎಣಿಕೆಯಲ್ಲಿ ಹಾಲಪೇನ್ಯೋ 2,500ರಿಂದ 8,000. ಹಬನೇರೊ 1 ಲಕ್ಷದಿಂದ ಮೂರೂವರೆ ಲಕ್ಷ. ಒಂದರ ಬದಲು ಇನ್ನೊಂದನ್ನು ಕಣ್ಣಳತೆಯಲ್ಲಿ ಹಾಕಿದರೆ ಏನಾಗುತ್ತದೆ ಎಂದು ಹೇಳಬೇಕಿಲ್ಲ. ಇಲ್ಲಿ ನಿಯಮ ಒಂದೇ. ಮೆಣಸಿನಕಾಯಿಯ ಒಟ್ಟು ಅಳತೆ ಬದಲಾಗಬಾರದು. ಖಾರ ಹೆಚ್ಚು ಬೇಕಾದರೆ ಒಂದು ಹಿಡಿ ದೊಣ್ಣೆ ಮೆಣಸಿನಕಾಯಿ ತೆಗೆದು ಅಷ್ಟೇ ಖಾರದ ಕಾಯಿ ಹಾಕಿ. ಕಡಿಮೆ ಬೇಕಾದರೆ ತಿರುವುಮುರುವು ಮಾಡಿ. ಹಾಗೆ ಮಾಡಿದರೆ ಹುಳಿಯ ಲೆಕ್ಕ ಕೆಡುವುದಿಲ್ಲ.

ಹೆಚ್ಚುವಾಗ ಕೈಗವಸು ಹಾಕಿಕೊಳ್ಳಿ. ಕೈ ಉರಿ ಹತ್ತಿದರೆ ಬರೀ ನೀರಿಗೆ ಹೋಗದು, ಎಣ್ಣೆ ಸವರಿ ಆಮೇಲೆ ಸೋಪಿನಿಂದ ತೊಳೆಯಿರಿ. ವಿನೆಗರ್ ಜೊತೆ ಕುದಿಯುವಾಗ ಏಳುವ ಹಬೆಗೆ ಮುಖ ಒಡ್ಡಬೇಡಿ, ಕಿಟಕಿ ತೆರೆದಿಡಿ. ಮಕ್ಕಳನ್ನು ಆ ಹೊತ್ತು ದೂರ ಇಡಿ.

ಸೀಲ್ ಆಗಿಲ್ಲ

ಜಾರು ತಣ್ಣಗಾಗಿ 12ರಿಂದ 24 ಗಂಟೆ ಕಳೆದ ಮೇಲೆ, ಚಪ್ಪಟೆ ಮುಚ್ಚಳವನ್ನು ಹಿಡಿದಿಡುವ ತಿರುಗಿಸುವ ರಿಂಗ್ ಬಿಚ್ಚಿ. ಮುಚ್ಚಳದ ನಡುವೆ ಒತ್ತಿ. ಒಳಕ್ಕೆ ಬಾಗಿ ನಿಂತಿದ್ದರೆ, ಒತ್ತಿದಾಗ ಅಲುಗದಿದ್ದರೆ ಸರಿ. ಮುಚ್ಚಳದ ಅಂಚನ್ನೇ ಬೆರಳ ತುದಿಯಲ್ಲಿ ಹಿಡಿದು ಜಾರನ್ನು ಒಂದಿಷ್ಟು ಎತ್ತಿ ನೋಡಿ, ಬಿಟ್ಟುಬರಬಾರದು.

ಬಿಟ್ಟುಬಂದಿತೇ? ಜಾರಿನ ಬಾಯಿಯ ಸುತ್ತ ಬೆರಳಾಡಿಸಿ. ಹತ್ತರಲ್ಲಿ ಎಂಟು ಸಲ ಅಲ್ಲಿ ಅಂಟಂಟಾಗಿ ಒಂದು ಹನಿ ಪಾಕ ಒಣಗಿರುತ್ತದೆ, ಇಲ್ಲವೇ ಸಾಸಿವೆಯಷ್ಟು ಮೆಣಸಿನ ಚೂರು ಕೂತಿರುತ್ತದೆ. ಗಾಳಿ ನುಗ್ಗಲು ಅಷ್ಟು ಸಾಕು. ತುಂಬಿದ ಮೇಲೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಶುಭ್ರ ಬಟ್ಟೆಯಿಂದ ಬಾಯಿಯನ್ನು ಒಮ್ಮೆ ಒರೆಸಿ, ಬಟ್ಟೆ ಮಡಚಿ ಮತ್ತೊಮ್ಮೆ ಒರೆಸಿ. ಎರಡನೇ ಸಲ ಬಟ್ಟೆ ಜಾರಬೇಕು, ಹಿಡಿಯಬಾರದು. ನನಗೆ ಈ ಒಂದು ಅಭ್ಯಾಸ ಎಷ್ಟೋ ಜಾರುಗಳನ್ನು ಉಳಿಸಿಕೊಟ್ಟಿದೆ.

ಅಂಚು ಶುಭ್ರವಾಗಿದ್ದೂ ಸೀಲ್ ಆಗದಿದ್ದರೆ ಇನ್ನು ಕೆಲವನ್ನು ನೋಡಿ. ಬಾಯಿ ಎಲ್ಲಾದರೂ ಸೀಳಿದೆಯೇ? ಮುಚ್ಚಳ ಒಮ್ಮೆ ಬಳಸಿದ್ದೇ? ರಿಂಗ್ ಮತ್ತೆ ಬಳಸಬಹುದು, ಅಂಚಿಗೆ ಅಂಟು ಇರುವ ಚಪ್ಪಟೆ ಮುಚ್ಚಳ ಒಂದೇ ಸಲಕ್ಕೆ. ಮೇಲೆ ಸುಮಾರು 6 ಮಿಲಿಮೀಟರ್ ಜಾಗ ಬಿಟ್ಟಿದ್ದಿರಾ? ಕಂಠಮಟ್ಟ ತುಂಬಿದರೆ ಪಾಕ ಉಕ್ಕಿ ಅಂಚಿಗೆ ಬರುತ್ತದೆ. ರಿಂಗ್ ಬಲ ಹಾಕಿ ತಿರುಗಿಸಿದಿರಾ? ಒಳಗಿನ ಗಾಳಿ ಹೊರಹೋಗಲು ದಾರಿ ಬೇಕು. ಬೆರಳ ತುದಿಯ ಬಿಗಿ ಸಾಕು.

ಕುದಿನೀರಿನಲ್ಲಿ ಇಟ್ಟ ಹೊತ್ತೂ ಮುಖ್ಯ. ಜಾರಿನ ಮೇಲೆ ಎರಡೂವರೆ ಸೆಂಟಿಮೀಟರ್ ನೀರು ನಿಲ್ಲಬೇಕು. ಜಾರು ಇಟ್ಟಾಗ ನೀರಿನ ಕುದಿ ಇಳಿಯುತ್ತದೆ, ಮತ್ತೆ ಕುದಿ ಬಂದ ಮೇಲೆ ಎಣಿಕೆ. ಅರ್ಧ ಪಿಂಟ್ ಅಂದರೆ ಸುಮಾರು 240 ಮಿಲಿಲೀಟರ್ ಜಾರಿಗೆ, ಮೊದಲೇ 10 ನಿಮಿಷ ಕುದಿಸಿ ಶುದ್ಧ ಮಾಡಿಟ್ಟಿದ್ದರೆ, 300 ಮೀಟರ್ ಎತ್ತರದವರೆಗೆ 5 ನಿಮಿಷ. 300ರಿಂದ 1,800 ಮೀಟರಿಗೆ 10. ಅದಕ್ಕೂ ಮೇಲೆ 15. ಬಿಸಿ ಜಾರನ್ನು ತಣ್ಣನೆ ಕಲ್ಲಿನ ಮೇಲೆ ಇಡಬೇಡಿ, ಸೀಳುತ್ತದೆ. ಮಡಚಿದ ಬಟ್ಟೆಯ ಮೇಲೆ, ಒಂದಕ್ಕೊಂದು ತಾಗದಂತೆ ಇಡಿ.

ಸೀಲ್ ಆಗದ ಜಾರನ್ನು 24 ಗಂಟೆಯೊಳಗೆ ಹೊಸ ಮುಚ್ಚಳ ಹಾಕಿ ಮತ್ತೆ ಕುದಿಸಬಹುದು. ಆದರೆ ಜೆಲ್ಲಿಯ ಹದ ಅಷ್ಟಕ್ಕೇ ಸಡಿಲವಾಗುವುದುಂಟು. ಒಂದೆರಡೇ ಜಾರಾದರೆ ನಾನು ಫ್ರಿಜ್ಜಿನಲ್ಲಿಟ್ಟು ಮೊದಲು ಅವನ್ನೇ ಮುಗಿಸುತ್ತೇನೆ.

ತಿಂಗಳುಗಳ ನಂತರ ತೆಗೆದಾಗ

ಕಪಾಟಿನಿಂದ ತೆಗೆದ ಜಾರಿನ ಮುಚ್ಚಳ ಉಬ್ಬಿದ್ದರೆ, ಪಕ್ಕದಲ್ಲಿ ಪಾಕ ಸೋರಿದ ಗೆರೆ ಇದ್ದರೆ, ತೆರೆದಾಗ ಒಳಗಿನಿಂದ ಚಿಮ್ಮಿದರೆ, ಹೆಂಡದ ವಾಸನೆ ಬಂದರೆ ರುಚಿ ನೋಡಬೇಡಿ. ಬೂಷ್ಟು ಬಂದಿದ್ದರೂ ಅಷ್ಟೇ. ಮೇಲಿನ ಪದರ ಕೆರೆದು ಉಳಿದದ್ದನ್ನು ತಿನ್ನುವ ಅಭ್ಯಾಸ ಹಲವು ಮನೆಗಳಲ್ಲಿದೆ. ಆದರೆ ಬೂಷ್ಟಿನ ಎಳೆ ಕಣ್ಣಿಗೆ ಕಂಡದ್ದಕ್ಕಿಂತ ಆಳಕ್ಕೆ ಇಳಿದಿರುತ್ತದೆ, ಅದು ಬೆಳೆದಂತೆ ಜೆಲ್ಲಿಯ ಹುಳಿಯೂ ಕಡಿಮೆಯಾಗಬಹುದು. ನಾವು ವಿನೆಗರ್ ಹಾಕಿ ಕಟ್ಟಿದ ಬೇಲಿಯನ್ನೇ ಅದು ಮುರಿಯುತ್ತದೆ. ಇಡೀ ಜಾರು ಹೋಗಲಿ. ಅದೇ ದಿನ ತುಂಬಿದ ಉಳಿದ ಜಾರುಗಳನ್ನೂ ಬೆಳಕಿಗೆ ಹಿಡಿದು, ಒಂದೊಂದರ ಮುಚ್ಚಳ ಒತ್ತಿ ನೋಡಿ.